ಏಳು ಮೆಟ್ಟಿಲಿನ ಏಣಿ

ಆ ಏಣಿಗೆ ಎಂಟು ಮೆಟ್ಟಿಲು, ಊರವರು ಶಕುನಕ್ಕೆ ಎಣಿಸುವ ಹಾಗೆ — ಚಿನ್ನ, ಬೆಳ್ಳಿ, ಸಾವು, ಚಿನ್ನ, ಬೆಳ್ಳಿ, ಸಾವು, ಚಿನ್ನ, ಬೆಳ್ಳಿ, ಸದ್ಯ ಬೆಳ್ಳಿಗೆ ನಿಂತಿತು — ಅಮೆರಿಕದ ಸಿಪಾಯಿಯೊಬ್ಬ ಅದನ್ನು ಇಗರ್ಜಿಯ ಗೋಡೆಗೆ ಒರಗಿಸಿ ತಂತಿ ಬಿಗಿಯಲು ಹತ್ತುತ್ತಿದ್ದಾನೆ, ಬೂಟಿನಡಿ ಬಿದಿರು ಕಿರ್ರೆನ್ನುತ್ತದೆ, ಅಕ್ಕಿಯ ಸಾಲಿನಲ್ಲಿ ನಿಂತ ಲಾಲಾಯ್‌ಗೆ ಆ ಸದ್ದು ಹಲ್ಲಿನ ಬೇರಿಗೆ ತಾಗುತ್ತದೆ, ಯಾವ ದಡ್ಡ ಕಟ್ಟಿದನೋ, ಎಂಟಕ್ಕೆ ಬಿಟ್ಟಿದ್ದಾನೆ, ಗಂಡ ಮೆಲೆಸ್ಯೊ ಆಗಿದ್ದರೆ ಏಳಕ್ಕೆ ನಿಲ್ಲಿಸುತ್ತಿದ್ದ, ಮನೆ ಹತ್ತುವವನ ಕೊನೇ ಹೆಜ್ಜೆ ಚಿನ್ನದ ಮೇಲೇ ಬೀಳ್ಬೇಕು ಕಣೇ ಎಂದು ಮದುವೆಯಾದ ವಾರದಲ್ಲೇ ಬಿದಿರು ಸೀಳಿ, ಕಂಬಗಳ ಮೇಲೆ ನಿಂತ ಮನೆಗೆ ಏಳು ಮೆಟ್ಟಿಲು ಕಟ್ಟಿದ್ದ, ಸೀಳುವಾಗ ಕತ್ತಿ ಜಾರಿ ಎಡಗಾಲಿನ ಹೆಬ್ಬೆರಳು ಇಬ್ಭಾಗವಾಗಿ, ಗಾಯ ಮಾಯ್ದ ಮೇಲೂ ಉಗುರು ಎರಡಾಗಿಯೇ ಬೆಳೆಯಿತು, ಚಿನ್ನಕ್ಕೆ ಕೊಟ್ಟ ಕಂದಾಯ ಇದು ಎಂದು ಕಾಲು ಚಾಚಿ ತೋರಿಸಿ ನಗುತ್ತಿದ್ದ — ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಬೆನ್ನ ಹಿಂದೆ ಅತ್ತೆ, ಇನಾಂಗ್, ಲಾಲಾಯ್‌ಳ ಕಪ್ಪು ಲಂಗದ ಅಂಚು ಹಿಡಿದುಕೊಂಡೇ ತಾನೂ ಒಂದು ಹೆಜ್ಜೆ ಇಡುತ್ತಾಳೆ, ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ಗೊತ್ತು, ಎಲೆಯಡಿಕೆ ಸಿಗದೆ ಬರೀ ದವಡೆ ಅಗಿಯುತ್ತಾಳೆ, ಈಗ ಕೇಳುತ್ತಾಳೆ, ಕೇಳದೆ ಬಿಟ್ಟ ದಿನವಿಲ್ಲ — ಏಣಿ ಮೇಲಕ್ಕೆ ಎಳ್ದಿದ್ಯಲ್ಲವೇನೇ? ಎಳ್ದಿದ್ದೆ ಇನಾಂಗ್. ಕಟ್ಟಿದ್ಯಾ? ಕಟ್ಟಿದ್ದೆ. ನನ್ನಾಣೆ? ನಿಮ್ಮಾಣೆ. ಎರಡು ತಿಂಗಳಿಂದ ಇದೇ ಪ್ರಶ್ನೆ, ಇದೇ ಉತ್ತರ, ಹೇಳಿ ಹೇಳಿ ಸವೆದು ಅದು ನಿಜವೋ ಸುಳ್ಳೋ ಲಾಲಾಯ್‌ಗೇ ಈಗ ಗೊತ್ತಿಲ್ಲ.

ಏಣಿ ಕೆಳಗಿದ್ರೆ ಬರ್ತೀನಿ, ಮೇಲಿದ್ರೆ ಸಿಪಾಯಿಗಳಿದಾರೆ ಅಂತ ತಿಳ್ಕೊಂಡು ಬೆಟ್ಟಕ್ಕೆ ವಾಪಸ್ ಹೋಗ್ತೀನಿ — ಮಾಕುಲೋಟ್ ಬೆಟ್ಟದ ದಂಡು ಸೇರಿದ ದಿನ ಮೆಲೆಸ್ಯೊ ಹೇಳಿಹೋದದ್ದು ಇಷ್ಟೇ, ಅವನು ಮೊದಲು ಸ್ಪೇನಿನವರ ಮೇಲೆ ಹೊಡೆದಾಡಿದ್ದ, ಅವರನ್ನು ಓಡಿಸಲು ನೆರವಿಗೆ ಬಂದೆವು ಎಂದ ಅಮೆರಿಕದವರು ಓಡಿಸಿದ ಮೇಲೆ ತಾವೇ ಕೂತರು, ಮತ್ತೆ ಕತ್ತಿ ಮಸೆದ, ಅಂದಿನಿಂದ ಅವಳು ಕಪ್ಪು ಉಟ್ಟಳು, ಗಂಡ ಜ್ವರದಲ್ಲಿ ಸತ್ತ ಎಂದಳು, ಬೆಟ್ಟ ಹತ್ತಿದವನ ಹೆಂಡತಿಯನ್ನು, ತಾಯಿಯನ್ನು ಸೆರೆಗೆ ಹಾಕುತ್ತಾರೆ, ಸತ್ತವನ ಮನೆಯವರನ್ನು ಯಾರೂ ಕೇಳುವುದಿಲ್ಲ, ಉಸಿರಾಡ್ತಿರೋ ಮಗನಿಗೆ ಕಪ್ಪು ಉಡ್ತೀಯಲ್ಲೇ ಪಾಪಿ, ಆ ಬಟ್ಟೆ ಅವನನ್ನ ಕರ್ಕೊಂಡೇ ಹೋಗುತ್ತೆ ನೋಡು, ಇನಾಂಗ್ ಎದೆ ಬಡಿದುಕೊಂಡಿದ್ದಳು, ಆಮೇಲೆ ತಾನೂ ಕಪ್ಪು ಮುಸುಕು ಹೊದ್ದಳು — ಎಷ್ಟು ಸಲ ಎಳೆದಿಲ್ಲ ಆ ಏಣಿಯನ್ನು, ನಾಯಿ ಬೊಗಳಿದ ಕೂಡಲೇ ಮೇಲೆಳೆದು, ತುದಿಯ ಮೆಟ್ಟಿಲನ್ನು ಬಾಗಿಲ ಕಂಬಕ್ಕೆ ಲಂಗದ ಅಂಚಿನಿಂದ ಹರಿದ ಪಟ್ಟಿಯಿಂದ ಬಿಗಿದು, ಹಿಂದಿನ ಬಚ್ಚಲ ಕಟ್ಟೆಯ ಕಂಬ ಹಿಡಿದು ಸರ್ರನೆ ಜಾರಿ, ಬಾಳೆಯ ಹಿಂದೆ ಕೂರುವುದು, ಆ ಕಂಬದ ಗೆಣ್ಣು ಅಂಗೈಗೆ ಈಗಲೂ ಗೊತ್ತು, ಗೊತ್ತಿರುವುದೇ ಕಷ್ಟ, ಅಂಗೈಯಲ್ಲಿರುವುದು ಯಾವ ದಿನದ ಕಂಬ? ಡಿಸೆಂಬರಿನ ಆ ಬೆಳಗ್ಗೆ, ಕ್ರಿಸ್ಮಸ್ಸಿನೊಳಗೆ ಎಲ್ಲರೂ ಪಟ್ಟಣದ ಗೆರೆಯೊಳಗೆ ಬರಬೇಕು, ಆಮೇಲೆ ಗೆರೆಯಾಚೆ ಕಂಡವರೆಲ್ಲ ಶತ್ರು ಎಂದು ಡಂಗುರ ಹೊಡೆಸಿದ್ದರು, ತಲೆಯ ಮೇಲೆ ಅಕ್ಕಿಯ ಗಡಿಗೆ, ಕಂಕುಳಲ್ಲಿ ಕೋಳಿ, ಇನಾಂಗ್‌ಳನ್ನು ಒಂದೊಂದೇ ಮೆಟ್ಟಿಲಿಗೆ ಕಾಲಿಡಿಸಿ ಇಳಿಸಿದ್ದು ನೆನಪಿದೆ, ಅಯ್ಯೋ ಸಂತನ್ನ ಮರೆತ್ಯಲ್ಲೇ ಎಂದು ಅವಳು ಕೂಗಿದ್ದು, ತಾನು ಮತ್ತೆ ಹತ್ತಿದ್ದು, ಮರದ ಸಂತ ಅಂತೋನಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನೆನಪಿದೆ, ಆಮೇಲೆ — ಏಣಿಯಲ್ಲಿ ಇಳಿದೆನೋ, ಕಂಬದಲ್ಲಿ ಜಾರಿದೆನೋ, ಲಂಗದ ಅಂಚು ಹರಿದಿದೆ, ಆದರೆ ಹತ್ತು ಕಡೆ ಹರಿದಿದೆ, ಹೇಗೆ ಹೇಳುವುದು, ಕಣ್ಣು ಮುಚ್ಚಿದರೆ ಏಣಿ ಕೆಳಗೇ ಇದೆ, ಕಾಲು ನೆಲಕ್ಕೆ ಊರಿ, ತಲೆ ಹೊಸ್ತಿಲಿಗೆ ಒರಗಿ, ಊರು ಖಾಲಿಯಾದದ್ದು ಅವನಿಗೆ ಗೊತ್ತಿರುತ್ತದೆ, ಆದರೂ ಏಣಿ ಕಂಡರೆ ಏನೆಂದುಕೊಂಡಾನು, ಲಾಲಾಯ್ ಗೆರೆ ತಪ್ಪಿಸಿಕೊಂಡು ಬಂದಿದ್ದಾಳೆ, ಅಕ್ಕಿ ತಂದಿದ್ದಾಳೆ ಎಂದುಕೊಂಡಾನು, ಎರಡು ತಿಂಗಳ ಹಸಿವು ಅಷ್ಟನ್ನು ನಂಬುತ್ತದೆ.

ಏ ವಿಧವೆ, ಆ ಕೆಂಪುಗಡ್ಡ ನಿನ್ನೇ ನೋಡ್ತಾ ಏಣಿಯಿಂದ ಬೀಳ್ತಾನೆ ನೋಡು, ಮುಂದೆ ನಿಂತ ತೊಮಾಸಾ ಬೇಕೆಂದೇ ಗಟ್ಟಿಯಾಗಿ ಹೇಳುತ್ತಾಳೆ, ಪಕ್ಕದ ಮನೆಯವಳು, ಎಲ್ಲ ಬಲ್ಲವಳು, ವಿಧವೆ ಎನ್ನುವುದನ್ನು ಅಕ್ಕಿಯ ಪಟ್ಟಿ ಬರೆಯುವವನ ಕಿವಿಗೆ ದಿನಕ್ಕೊಮ್ಮೆ ಹಾಕುತ್ತಾಳೆ, ಸುಮ್ನಿರೇ ತೊಮಾಸಾ, ಯಾಕೆ ಸುಮ್ನಿರ್ಲಿ, ಅವನು ಬಿದ್ರೆ ಒಬ್ಬನ ಊಟ ಉಳಿಯುತ್ತೆ, ನಮ್ಮ ಬುಟ್ಟಿಗೆ ಬೀಳುತ್ತೆ, ಹೆಂಗಸರು ಕಿಸಕ್ಕೆನ್ನುತ್ತಾರೆ, ನಗು ಅರ್ಧಕ್ಕೇ ನಿಲ್ಲುತ್ತದೆ, ಪಡುವಣ ರಸ್ತೆಯಲ್ಲಿ ಧೂಳು, ನಾಲ್ವರು ಸಿಪಾಯಿಗಳು ಏನನ್ನೋ ಹೊತ್ತು ಬರುತ್ತಿದ್ದಾರೆ, ಉದ್ದನೆಯದು, ಬಿದಿರಿನದು, ಮೇಲೆ ಗೋಣಿ ಹೊದಿಸಿದ್ದು, ಸಾಲಿನ ಪಕ್ಕದಲ್ಲೇ ಇಳಿಸುತ್ತಾರೆ, ಮನಿಲಾದ ದುಭಾಷಿ ಬಿಳಿ ಕೋಟಿನ ಧೂಳು ಕೊಡವುತ್ತಾನೆ, ಬನ್ನಿ ಅಮ್ಮಂದಿರೇ, ಒಬ್ಬೊಬ್ರೇ ನೋಡಿ ಹೇಳಿ, ಯಾರ ಮನೆಯವನು ಇವನು, ಗೆರೆಯಾಚೆ ಒಂದು ಖಾಲಿ ಮನೇಲಿ ಬಿಸಿಲು ಇಳೀಲಿ ಅಂತ ಹತ್ತಿ ಕೂತಿದ್ವಿ, ತಾನಾಗೇ ಬಂದ ಮಹಾರಾಯ, ಮಾವನ ಮನೆಗೆ ಬಂದ ಅಳಿಯನ ಹಾಗೆ, ಶಿಳ್ಳೆ ಹಾಕ್ಕೊಂಡು ಏಣಿ ಹತ್ತಿದ — ಗೋಣಿ ಎತ್ತುತ್ತಾನೆ, ತೊಮಾಸಾ ನೋಡುತ್ತಾಳೆ, ಲಾಲಾಯ್‌ಳ ಮದುವೆಯ ಹಂದಿಯನ್ನು ಕೊಯ್ದು ಹಂಚಿದವಳು, ನೋಡೇ ಇಲ್ಲ ಸ್ವಾಮಿ, ತಿರುಗುವಾಗ ಅವಳ ಕಣ್ಣು ಲಾಲಾಯ್‌ಳ ಲಂಗದ ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಇನ್ನು ಲಾಲಾಯ್‌ಳ ಸರದಿ, ಮುಖ ನೋಡುವ ಅಗತ್ಯವೇ ಬರಲಿಲ್ಲ, ಗೋಣಿಯ ಈ ತುದಿಯಲ್ಲಿ ಎಡಗಾಲು, ಹೆಬ್ಬೆರಳು, ಎರಡಾಗಿ ಬೆಳೆದ ಉಗುರು, ಏನಮ್ಮಾ, ನಿನ್ನ ಗಂಡನಾ? ನನ್ನ ಗಂಡ ಸತ್ತು ಎರಡು ವರ್ಷ ಆಯ್ತು ಸ್ವಾಮಿ, ಯಾರ ದನಿ ಅದು, ಒಣಗಿದ, ಸರಿಯಾದ ದನಿ, ಪಟ್ಟಿಯಲ್ಲಿ ಹಾಗೇ ಇದೆ, ದುಭಾಷಿ ತಲೆಯಾಡಿಸುತ್ತಾನೆ, ಎರಡು ವರ್ಷದ ಹಿಂದೆ ಅತ್ತಾಯಿತು, ಸುಳ್ಳಿಗೆ ಅತ್ತದ್ದು, ಈಗ ಅಳುವಂತಿಲ್ಲ, ಅತ್ತರೆ ಇನಾಂಗ್ ಸೆರೆಮನೆಯ ಕಲ್ಲಿನ ಮೇಲೆ ಸಾಯುತ್ತಾಳೆ, ಲಂಗದ ಅಂಚು ಜಗ್ಗುತ್ತದೆ, ಯಾರೇ ಅದು? ಯಾರೋ ಇನಾಂಗ್, ಲಿಪಾ ಕಡೆಯವನಂತೆ. ಹರೆಯದವನಾ? ಹ್ಞೂಂ. ಪಾಪ, ಯಾವ ತಾಯಿ ಹೆತ್ತ ಮಗನೋ, ಇನಾಂಗ್ ಹಣೆಗೆ ಎದೆಗೆ ಶಿಲುಬೆ ಬರೆದುಕೊಳ್ಳುತ್ತಾಳೆ, ಕಣ್ಣು ಅವನ ಮೇಲೆ ನಿಲ್ಲಬಾರದು, ಅವನನ್ನು ಹೊತ್ತು ತಂದ ಏಣಿಯ ಬಿದಿರಿನ ಮೇಲೆ ನಿಲ್ಲಲಿ, ಪಾದದ ಕಡೆಯಿಂದ, ಚಿನ್ನ, ಬೆಳ್ಳಿ, ಮೂರನೆಯದು ಅವನ ಕೆಳಗೆ, ನಾಲ್ಕು ಐದು ಆರು ಅವನ ಕೆಳಗೆ, ತಲೆಯಾಚೆ ಏಳನೆಯದು ಬರಿದಾಗಿ ಹೊರಗಿದೆ, ಬರಿದಲ್ಲ — ಅದರ ಮೇಲೆ ಕಪ್ಪು ಬಟ್ಟೆಯ ಗಂಟು, ಎರಡು ಸುತ್ತು ಸುತ್ತಿ ಎಡಕ್ಕೆ ಬಿಗಿದದ್ದು, ತನ್ನದೇ ಗಂಟು, ಗಂಟು ಬಿಚ್ಚಿಲ್ಲ, ಗಂಟಿನಾಚೆ ಪಟ್ಟಿಯನ್ನು ಚಾಕುವಿನಿಂದ ನೇರವಾಗಿ ಕತ್ತರಿಸಲಾಗಿದೆ. ಏಣಿ ಮೇಲಕ್ಕೆ ಎಳ್ದಿದ್ಯಲ್ಲವೇನೇ ಲಾಲಾಯ್? ಎಳ್ದಿದ್ದೆ ಇನಾಂಗ್. ಕಟ್ಟಿದ್ಯಾ? ಕಟ್ಟಿದ್ದೆ. ಕಟ್ಟಿದ್ದೆ, ಕಂಬದಲ್ಲೇ ಜಾರಿದ್ದೆ, ಬೂಟಿನವರು ಬಂದರು, ಅವರಿಗೆ ನೆರಳು ಬೇಕಿತ್ತು, ಅಷ್ಟೇ, ಒಬ್ಬ ಕಂಬ ಏರಿ ಕತ್ತರಿಸಿ ಇಳಿಸಿದ, ಉಳಿದವರು ಹತ್ತಿದರು, ಇಳಿಸಿದ್ದನ್ನು ಹಾಗೇ ಬಿಟ್ಟರು — ಮಧ್ಯಾಹ್ನದ ಬಿಸಿಲು, ಬಾಳೆಯ ಸಾಲು, ಅಂಗಳ, ಏಣಿ, ಕಾಲು ನೆಲಕ್ಕೆ ಊರಿ, ತಲೆ ಹೊಸ್ತಿಲಿಗೆ ಒರಗಿ, ಏಣಿ ಕೆಳಗಿದೆ, ಏಣಿ ಕೆಳಗಿದೆ