ಒಂದು ಗೇಣು ಮೇಲೆ

ನಾನು ಬಂದರಿನ ಪೇಂಟರ್. ಅಣ್ಣ ಅದೇ ಬಂದರಿನಲ್ಲಿ ನೀರಿನ ಅಳತೆ ಬರೆಯುವವನು. ಮರದ ಕಂಬಕ್ಕೆ ಹೊಡೆದ ಅಂಕಿಗಳ ಹಲಗೆ ನೋಡಿ, ಸಮುದ್ರ ಎಷ್ಟಿದೆಯೆಂದು ದಿನಕ್ಕೆರಡು ಸಲ ಬರೆಯುತ್ತಿದ್ದ. ಭೂಮಿ ಕಾದಂತೆಲ್ಲ ಸಮುದ್ರ ಏರುತ್ತಿದೆ, ತಗ್ಗಿನಲ್ಲಿ ದೇಶದ ಗೋಧಿ ಇಡಬೇಡಿ ಎಂದು ಮೇಲಿನವರಿಗೆ ಬರೆದು ಬರೆದು ಸೋತಿದ್ದ.

ಬಂದರಿನ ದೊಡ್ಡ ಸಾಹೇಬರಿಗೆ ಗೋದಾಮು ತಗ್ಗಿನಲ್ಲೇ ಬೇಕಿತ್ತು. ಆ ಜಾಗ ಅವರ ಭಾವಮೈದುನನದು. ಮೂರು ವರ್ಷದ ಹಿಂದೆ ಅಣ್ಣ ಜ್ವರದಿಂದ ಮಲಗಿದ್ದಾಗ ನನ್ನನ್ನು ಕರೆದರು. "ಹಲಗೆಗೆ ಹೇಗೂ ಬಣ್ಣ ಹೊಡೀತೀಯಲ್ಲಮ್ಮ, ಹಾಗೇ ಅದನ್ನ ಕಿತ್ತು ಒಂದು ಗೇಣು ಮೇಲೆ ಮೊಳೆ ಹೊಡೆದುಬಿಡು. ಓದೋಕೆ ಅನುಕೂಲ."

ನಾನೊಂದು ಬೆಪ್ಪುತಕ್ಕಡಿ, ಹೊಡೆದೆ. ಹಳೆಯ ಮೊಳೆ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದೆ. ಹಲಗೆ ಏರಿತು, ಅಂಕಿ ಇಳಿಯಿತು, ಗೋದಾಮು ಎದ್ದಿತು. ಸಮುದ್ರ ಇಳಿದಿದ್ದು ಹೇಗೆಂದು ಅಣ್ಣ ತಲೆ ಕೆರೆದುಕೊಂಡ. ನನಗೆ ಅರ್ಥವಾಗಿತ್ತು, ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ.

ಈ ಸಲದ ಬಿರುಗಾಳಿಗೆ ಸಮುದ್ರ ಗೋದಾಮಿಗೆ ನುಗ್ಗಿತು. ಇಡೀ ದೇಶದ ಆರು ತಿಂಗಳ ಗೋಧಿ ಕೊಳೆಯಿತು. ಬ್ರೆಡ್ ಅಂಗಡಿಗಳ ಮುಂದೆ ಬಂದೂಕಿನ ಸೈನಿಕರು ನಿಂತರು. ಅಳತೆ ತಪ್ಪು ಬರೆದ ದೇಶದ್ರೋಹಿ ಎಂದು ಸಾಹೇಬರು ಅಣ್ಣನನ್ನು ಜೈಲಿಗೆ ಹಾಕಿಸಿದರು. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿತು.

ವಿಚಾರಣೆಯಲ್ಲಿ ಸಾಹೇಬರು ಪ್ರಮಾಣ ಮಾಡಿ ಸುಳ್ಳು ಹೇಳಲಿ ಎಂದು ಕಾದೆ.

"ಆ ಹಲಗೆ ಮೂವತ್ತು ವರ್ಷದಿಂದ ಅಲ್ಲಾಡಿಲ್ಲ," ಎಂದು ಅವರು ರುಜು ಹಾಕಿದರು.

ಆಗ ಎದ್ದು ನ್ಯಾಯಾಧೀಶೆಗೆ ಹೇಳಿದೆ. "ಮೇಡಂ, ನೀರು ಇಳಿಯೋ ಹೊತ್ತು. ಕಂಬದ ಹತ್ರ ಬನ್ನಿ."

ಎಲ್ಲರನ್ನೂ ಒಂದು ಗಂಟೆ ಕೆಸರಿನಲ್ಲಿ ನಿಲ್ಲಿಸಿದೆ. ಸಾಹೇಬರ ಹೊಳೆಯುವ ಬೂಟು ಹೂತುಹೋಗುವುದನ್ನು ಕಂಡು ಹಾಲು ಕುಡಿದಷ್ಟು ಸಂತೋಷವಾಯಿತು. ನೀರು ಇಳಿದ ಮೇಲೆ ಹಲಗೆಯ ಕೆಳಗೆ ತಗಡಿನಿಂದ ಕೆರೆದೆ. ಪುಟ್ಟಿ ಉದುರಿ ಎರಡು ತೂತು ಕಂಡವು. ಹಲಗೆಯ ಮೊಳೆಯಿಂದ ತೂತಿನವರೆಗೆ ಕೈ ಅಗಲಿಸಿ ತೋರಿಸಿದೆ. ಸರಿಯಾಗಿ ಒಂದು ಗೇಣು.

"ಇವರು ಹೇಳಿದ್ರು, ನಾನು ಹೊಡೆದೆ."

ಸಾಹೇಬರು ಹಲ್ಲು ಕಡಿದರು. "ಹಾಗಾದ್ರೆ ನೀನೂ ಒಳಗೆ ಹೋಗ್ತೀಯ, ಗೊತ್ತೇನೇ?"

"ಗೊತ್ತು ಸಾಹೇಬ್ರೇ. ಉಪ್ಪು ತಿಂದವರು ನೀರು ಕುಡೀಲೇಬೇಕು. ನಾನು ತಿಂದಿದ್ದು ಚಿಟಿಕೆ, ನೀವು ತಿಂದಿದ್ದು ಮೂಟೆ. ನಡೀರಿ, ಜೊತೆಗೇ ಹೋಗೋಣ."

ಮೂರನೇ ದಿನ ಅಣ್ಣ ಜೈಲಿನ ಗೇಟಿನಿಂದ ಹೊರಗೆ ಬಂದಾಗ ನಾನೂ ಸಾಹೇಬರೂ ಒಳಗೆ ಹೋಗುತ್ತಿದ್ದೆವು. ಅವನು ನನ್ನನ್ನು ತಡೆದು ಕೇಳಿದ.

"ಹಲಗೆ ಇಳಿಸಿದ್ಯಾ?"

"ಇಳಿಸಿದೆ ಅಣ್ಣಾ. ಇವರ ಕೈಲೇ ಹಿಡಿಸಿ ಮೊಳೆ ಹೊಡೆದೆ."