ಕಟ್ಟೆಯ ಮೇಲಿನ ಮೂರು ಗುರುತು

ಅಡುಗೆಕಟ್ಟೆಗೆ ಬಿಳಿ ಅಮೃತಶಿಲೆ ಹಾಕಿಸಿದ್ದು ಗೋವಾದ ಸಾಂಖಳಿಯಲ್ಲಿ ತಾನೊಬ್ಬನೇ ಎಂದು ನನ್ನ ಗಂಡ ದಿಗಂಬರ ತನ್ನ ಬಟ್ಟೆಯಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ನಿಂಬೆಹಣ್ಣಿನಿಂದ ತಿಕ್ಕಿದರೆ ಅದು ಹೊಳೆಯುತ್ತದೆ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ನಾನು ಬೇಡವೆಂದರೂ ವಾರವಾರ ತಿಕ್ಕಿಸಿದ. ಅಮೃತಶಿಲೆ ಸುಣ್ಣದ ಜಾತಿಯದು, ಹುಳಿ ತಾಗಿದಲ್ಲೆಲ್ಲ ಕರಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಕಟ್ಟೆ ಮಂಕಾಗಿ, ಬೆರಳಾಡಿಸಿದರೆ ಸೀಮೆಸುಣ್ಣ ಮುಟ್ಟಿದಂತಾಗುತ್ತಿತ್ತು.

ಆ ಬೆಳಿಗ್ಗೆ ಅವನು ಕಟ್ಟೆಯ ಮುಂದೆ ನಿಂತು, ಏನು ಹಚ್ಚಿ ಹಾಳು ಮಾಡಿದೆ ಎಂದು ಕೇಳಿದ. ನೀವು ಹೇಳಿದ ನಿಂಬೆಹಣ್ಣು ಎಂದೆ. ಇದು ಕಲೆಯಲ್ಲ, ಕಲ್ಲೇ ಸವೆದಿದೆ, ತೊಳೆದರೆ ಹೊಳಪು ಬರುವುದಿಲ್ಲ ಎಂದೂ ವಿವರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ತಾಯಿಯ ಎದುರಿಗೆ ತಪ್ಪು ತನ್ನದಾದದ್ದನ್ನು ಅವನು ಸಹಿಸಲಿಲ್ಲ.

"ನಿನ್ನ ಸೊಸಿ ಬಿ.ಎಸ್ಸಿ. ಮಾಡ್ಯಾಳವ್ವಾ, ಕಲ್ಲಿನ ಮಾತೂ ತಿಳೀತದ," ಎಂದು ನಕ್ಕು ನನ್ನತ್ತ ತಿರುಗಿದ. "ಹತ್ರ ಹೋಗಿ ಕೇಳು ಬಾ, ಏನಂತದ."

ಜಡೆಯನ್ನು ಬುಡದಲ್ಲಿ ಹಿಡಿದು ನನ್ನ ಹಣೆಯನ್ನು ಕಟ್ಟೆಗೆ ಅಪ್ಪಳಿಸಿದ. ಹಣೆ ಸೀಳಿತು. ತಲೆಯೆತ್ತಿ, ಒಂದು ಮೊಳ ಆಚೆಗೆ ಎಳೆದು, ಮತ್ತೆ ಅಪ್ಪಳಿಸಿದ. ಹುಬ್ಬು ಒಡೆಯಿತು. ಮೂರನೆಯದು ಒಲೆಯ ಪಕ್ಕದಲ್ಲಿ. ಮೂಗಿನ ಎಲುಬು ಮುರಿದ ಸದ್ದನ್ನು ನಾನು ಕೇಳಿದ್ದು ಕಿವಿಯಿಂದಲ್ಲ, ಹಲ್ಲುಗಳಿಂದ. ಆಮೇಲೆ ಅವನು ಕೈ ತೊಳೆದುಕೊಂಡು ಅಂಗಡಿಗೆ ಹೋದ.

ತಂಗಿ ಪ್ರಾಚಿಯ ನಿಶ್ಚಿತಾರ್ಥಕ್ಕೆ ನನ್ನನ್ನು ಕರೆದೊಯ್ಯಲು ಅಣ್ಣ ಓಂಕಾರ್ ಅಂದೇ ಬೆಳಗಾವಿಯಿಂದ ಚೋರ್ಲಾ ಘಾಟಿನ ಬಸ್ಸಿನಲ್ಲಿ ಬರುವವನಿದ್ದ. ಹಿಂದೆ ನನ್ನ ಮಣಿಕಟ್ಟು ಮುರಿದಾಗಲೂ ಬಂದಿದ್ದ. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅತ್ತೆ ಹೇಳಿದ್ದನ್ನೇ ನಂಬಿ, ಹೊಂದಿಕೊಂಡು ಹೋಗು ಎಂದು ನನಗೆ ಬುದ್ಧಿ ಹೇಳಿ ಹಿಂದಿರುಗಿದ್ದ. ಈ ಸಲವೂ ಅವನು ಅತ್ತೆಯ ಮಾತನ್ನೇ ನಂಬಿದರೆ, ಮುಂದಿನ ಸಲ ನಾನು ಹೆಣವಾಗಿರುತ್ತೇನೆ ಎಂದು ನನಗೆ ಖಚಿತವಾಗಿತ್ತು.

ಅತ್ತೆ ಟವೆಲ್ ಕೊಟ್ಟರು. ನೆಲ ಒದ್ದೆಯಿತ್ತು, ಜಾರಿದೆ, ಕಟ್ಟೆ ಬಡಿಯಿತು ಎಂದು ನಾನು ಹೇಳಬೇಕಾದ ಮಾತನ್ನೂ ಕೊಟ್ಟರು.

"ನಿಮ್ಮಣ್ಣ ಬರೂದ್ರಾಗ ಇದನ್ನೆಲ್ಲಾ ತೊಳಿ. ಕುದಿಯೋ ನೀರು ಹಾಕು, ಚೊಕ್ಕ ಹೋಗ್ತದ."

ತಣ್ಣೀರಿನಲ್ಲಿ ಒರೆಸಿ, ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡನ್ನು ಮೈದಾಹಿಟ್ಟಿನಲ್ಲಿ ಕಲಸಿ ಮೆತ್ತಿದ್ದರೆ ಕಲ್ಲು ರಕ್ತವನ್ನು ಬಿಟ್ಟುಕೊಡುತ್ತಿತ್ತು. ಕುದಿಯುವ ನೀರಿಗೆ ರಕ್ತ ಬೆಂದ ಮೊಟ್ಟೆಯಂತೆ ಗಟ್ಟಿಯಾಗುತ್ತದೆ. ಪಾಲಿಶ್ ಹೋದ ಕಲ್ಲಿನ ರಂಧ್ರಗಳಲ್ಲಿ ಕೂತರಂತೂ ಏಳುವುದಿಲ್ಲ. ನಾನು ಅತ್ತೆಯನ್ನು ತಿದ್ದಲಿಲ್ಲ. ನೀರು ಕುದಿಯುವವರೆಗೆ ಕಲ್ಲು ರಕ್ತವನ್ನು ಚೆನ್ನಾಗಿ ಕುಡಿಯಲಿ ಎಂದು ಕಾದು, ಆಮೇಲೆ ಸುರಿದೆ.

ಮೇಲಿನ ರಕ್ತ ಹರಿದುಹೋಯಿತು. ಅಡಿಯಲ್ಲಿ ಮೂರು ಕಂದು ಗುರುತು ಉಳಿದವು. ಅತ್ತೆ ತಾವೇ ಬ್ರಷ್ ಹಿಡಿದು ತಿಕ್ಕಿದರು, ಇನ್ನಷ್ಟು ಬಿಸಿ ನೀರು ಸುರಿದರು. ಕೊನೆಗೆ ಅವುಗಳ ಮೇಲೆ ಹಿಟ್ಟು ನಾದುವ ಅಗಲ ಪರಾತಗಳನ್ನು ಕವುಚಿಟ್ಟರು.

ಓಂಕಾರ್ ಬಂದಾಗ ದಿಗಂಬರನೂ ಅಂಗಡಿಯಿಂದ ಜೊತೆಗೇ ಬಂದ. ನನ್ನ ಮುಖ ಕಂಡು ಅಣ್ಣ ಗಾಬರಿಯಾದ. ನಾನು ಜಾರಿದ ಕಥೆಯನ್ನು ಅತ್ತೆ ಹೇಳಿದರು, ಅವನು ಹೌದೆಂಬಂತೆ ತಲೆಯಾಡಿಸತೊಡಗಿದ. ನಾನು ಅವನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಪರಾತಗಳನ್ನು ನೆಲಕ್ಕೆ ತಳ್ಳಿದೆ.

ಅವನು ಒಂದು ಗುರುತಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ.

"ಭಾವಾರ, ಮೂರ್ ಸಲ ಜಾರಿದ್ಲೇನ್ರಿ?"

"ನಿಮ್ಮ ತಂಗೀ ತಲಿ ಭಾಳ ಗಟ್ಟಿ, ಕಲ್ಲ ಕೆಡಸ್ಯಾಳ," ಎಂದ ದಿಗಂಬರ.

ಓಂಕಾರ್ ಅವನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಬಾಗಿದವನ ಕೂದಲು ಹಿಡಿದು, ಮುಖವನ್ನು ಕಟ್ಟೆಯತ್ತ ತಂದು, ಅಪ್ಪಳಿಸಲು ಮೇಲಕ್ಕೆತ್ತಿದ. ನಾನು ಎರಡೂ ಕೈಗಳಿಂದ ಅಣ್ಣನ ತೋಳಿಗೆ ಜೋತುಬಿದ್ದೆ.

"ಇಲ್ಲಿ ಬ್ಯಾಡಣ್ಣಾ. ಅವನ ರಕ್ತ ಇದರಾಗ ಕೂಡಬಾರದು. ಪೊಲೀಸರು ಬರೂತನಕ ಇದು ನಂದಷ್ಟ ಇರಬೇಕು."

ಓಂಕಾರ್ ಅವನನ್ನು ಕಾಲರ್ ಹಿಡಿದು ಹಿತ್ತಿಲಿಗೆ ಎಳೆದೊಯ್ದ. ಏಟಿನ ಸದ್ದು, ಅತ್ತೆಯ ಅಳು ಕೇಳತೊಡಗಿತು. ನಾನು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತು, ಠಾಣೆಗೆ ಫೋನ್ ಮಾಡಿದೆ.