ಕ್ಲಚ್ಚಿಗೆ ಒಂದು ಕಾಲು

ಮುನಿಯಲ್ಲಪ್ಪ ನನ್ನ ವರ್ಕ್‌ಶಾಪಿಗೆ ಮೊದಲ ಸಲ ಬಂದದ್ದು ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ, ಎರಡು ಊರುಗೋಲುಗಳ ಮೇಲೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕ್ರೇನಿನಿಂದ ತಗಡಿನ ಕಟ್ಟು ಜಾರಿಬಿದ್ದು ಎಡಗಾಲು ತೊಡೆಯವರೆಗೆ ಹೋಗಿತ್ತು. ಸಿಕ್ಕ ಪರಿಹಾರದಲ್ಲಿ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು, ಬಾಡಿಗೆಗೆ ಓಡಿಸಿ ಬದುಕುತ್ತೇನೆ ಅಂತ ಹೊರಟಿದ್ದ. ಓಡಿಸುವುದೇನೋ ಗೊತ್ತಿತ್ತು. ಕ್ಲಚ್ಚು ಒತ್ತಲು ಕಾಲಿರಲಿಲ್ಲ.

"ಕೈಯಾಗೆ ಒತ್ತೋ ಹಂಗೆ ಮಾಡ್ಕೊಡಕ್ಕಾಯ್ತದಾ, ರಾಮಚಂದ್ರಣ್ಣ?" ಅಂದ.

ಕಾರಿನೊಳಗೆ ಬಗ್ಗಿ ನೋಡಿದೆ. "ಆಯ್ತದೆ. ನಾನೂರು ರೂಪಾಯಿ."

"ಒಂದು ಸಲಾಕಿಗೆ ನಾನೂರಾ? ನಾನು ಎಂಟು ವರ್ಷ ಫಿಟ್ಟರ್ ಕೆಲ್ಸ ಮಾಡ್ದೋನು ಕಣಣ್ಣ. ಕಾಲು ಹೋಗೈತೆ, ಕೈ ಹೋಗಿಲ್ಲ."

"ಕೈ ಐತಲ್ಲ, ಮಾಡ್ಕೋ ಹೋಗು" ಅಂದುಬಿಟ್ಟೆ. ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ಕುಂಟುತ್ತಾ ಹೋದ. ನಾನು ಕರೆಯಲಿಲ್ಲ.

ಅವಲಪಲ್ಲಿಯ ತನ್ನ ಮನೆಯ ಮುಂದೆ ತಿಂಗಳೊಪ್ಪತ್ತು ಕೂತು ಮಾಡಿಯೇಬಿಟ್ಟ. ಪೆಡಲಿಗೆ ಸ್ಕೂಟರಿನ ವೈರು ಕಟ್ಟಿ, ಸ್ಟಿಯರಿಂಗ್ ಪಕ್ಕದಲ್ಲಿ ಹಿಡಿ ಕೂರಿಸಿದ್ದ. ಕೆಲಸ ನೀಟಾಗಿತ್ತು, ಸುಳ್ಳು ಹೇಳಬಾರದು. ಆದರೆ ಕಾರ್ಖಾನೆಯಲ್ಲಿ ಅವನ ಕೈಗೆ ಬರುತ್ತಿದ್ದ ಪ್ರತಿ ಸಾಮಾನನ್ನೂ ಬೇರೆ ಯಾರೋ ಅಳೆದು ತೂಗಿ ಕಳಿಸಿರುತ್ತಿದ್ದರು. ಇವನದು ಸರಿಯಾಗಿ ಕೂರಿಸಿ ಬಿಗಿಯುವ ಕೆಲಸ ಅಷ್ಟೇ. ಯಾವ ಸಾಮಾನು ಎಷ್ಟು ಭಾರ ತಡೆಯುತ್ತದೆ ಅಂತ ಕೇಳಿಕೊಳ್ಳುವ ಪ್ರಸಂಗ ಎಂಟು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಸ್ಕೂಟರಿನ ವೈರು ಕಾರಿನ ಕ್ಲಚ್ಚನ್ನು ಎಷ್ಟು ದಿನ ಎಳೆದೀತು? ಮೂರನೇ ದಿನ ಹೊಸೂರು ಬಸ್ ಸ್ಟ್ಯಾಂಡಿನ ಎದುರಿಗೆ ಪಟ್ಟೆಂದು ಕಿತ್ತುಹೋಗಿ, ಕಾರು ಮುಂದಕ್ಕೆ ಎಗರಿ ಎಳನೀರಿನ ರಾಶಿಗೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಎಳನೀರು ರಸ್ತೆ ತುಂಬ ಉರುಳಾಡಿದವು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅಷ್ಟಕ್ಕೆ ಬಿಡಲಿಲ್ಲ. ಆ ತುಂಡು ವೈರನ್ನು ಎತ್ತಿಕೊಂಡು ಬಂದು ಅಂಗಡಿಯ ಬಾಗಿಲಿನ ಮೊಳೆಗೆ ನೇತುಹಾಕಿದೆ. ಬಂದವರಿಗೆಲ್ಲ ತೋರಿಸಿದೆ. "ನೋಡ್ರಪ್ಪಾ, ಎಂಟು ವರ್ಷದ ಫಿಟ್ಟರ್ ಕೆಲಸ." ಆ ಮಾತು ಅವಲಪಲ್ಲಿ ಮುಟ್ಟಲು ಒಂದು ವಾರವೂ ಬೇಕಾಗಲಿಲ್ಲ.

ಅವನು ಇನ್ನು ಸತ್ತರೂ ನನ್ನ ಹತ್ತಿರ ಬರುವವನಲ್ಲ ಅಂತ ನನಗೆ ಗೊತ್ತಾಯಿತು. ಆದರೆ ಆಮೇಲೆ ಅವನು ಮಾಡಿದ್ದನ್ನು ಯಾವ ಮೆಕ್ಯಾನಿಕ್ಕೂ ಊಹಿಸಲಾರ. ಹೆಂಡತಿ ನರಸಮ್ಮನನ್ನು ಮುಂದಿನ ಸೀಟಿನಲ್ಲಿ ತನಗೆ ಅಂಟಿಕೊಂಡಂತೆ ಕೂರಿಸಿ, ಅವಳ ಬಲಗಾಲನ್ನು ಕ್ಲಚ್ಚಿನ ಮೇಲೆ ಇಡಿಸಿದ. ಆ ಕಾಲದ ಅಂಬಾಸಿಡರಿನಲ್ಲಿ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ ಇರುತ್ತಿತ್ತು, ಗೇರು ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಅವನು "ಒತ್ತು" ಅಂದರೆ ಅವಳು ಒತ್ತಬೇಕು. ಅವನು ಗೇರು ಹಾಕಿ "ಬುಡು" ಅಂದರೆ ಬಿಡಬೇಕು. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಇಣುಕಿದರೆ ಅವಳ ಸೀರೆಯ ನೆರಿಗೆ ಪೆಡಲನ್ನೆಲ್ಲ ಮುಚ್ಚಿರುತ್ತಿತ್ತು.

ಹಾಗೆ ಒಂದೂವರೆ ವರ್ಷ ಓಡಿಸಿದ. ಡೆಂಕಣಿಕೋಟೆ, ಕೃಷ್ಣಗಿರಿ, ಎಲ್ಲಿಗೆ ಬಾಡಿಗೆ ಬಂದರೂ ಅವಳು ಏಳಬೇಕು, ಹೊರಡಬೇಕು. ಮನೆಯಲ್ಲಿ ಮುದ್ದೆ ಕೂಡಿಸುವ ಹೊತ್ತಿಗೆ ಹಾರನ್ ಹೊಡೆದರೆ ಒಲೆಗೆ ನೀರು ಸುರಿದು ಓಡಬೇಕು. ಜ್ವರ ಬಂದರೂ ಕಾಲು ಬೇಕು, ಮುಟ್ಟಾದರೂ ಕಾಲು ಬೇಕು. ಒತ್ತುವುದು ತಡವಾದರೆ ಸ್ಪ್ಯಾನರಿನ ಹಿಡಿಯಿಂದ ಮೊಣಕಾಲಿಗೆ ಒಂದು ಕುಟ್ಟುತ್ತಿದ್ದ. ಕೊನೆಕೊನೆಗೆ ಅವಳು ಇಂಜಿನ್ ಸದ್ದು ಕೇಳಿಯೇ, ಅವನು ಹೇಳುವ ಮುಂಚೆ ಒತ್ತತೊಡಗಿದಳು. ಅದಕ್ಕೂ ಕುಟ್ಟಿದ. "ನಾನು ಯೋಳೋಕ್ ಮುಂಚೆ ಯಾಕ್ ಒತ್ತಿದೆ? ಡ್ರೈವರ್ ನೀನಾ ನಾನಾ?" ಅಂದನಂತೆ, ಹಿಂದೆ ಕೂತವರ ಎದುರಿಗೇ. ಊರವರು ಅವಳಿಗೆ ಕ್ಲಚ್ಚಕ್ಕ ಅಂತ ಹೆಸರಿಟ್ಟರು. ತಮಿಳರೂ ಹಾಗೇ ಕರೆದರು, ತೆಲುಗರೂ ಹಾಗೇ ಕರೆದರು. ನಾನೂ ಕರೆದಿದ್ದೇನೆ.

ಒಂದು ಸಲ ಅವಳು ಒಬ್ಬಳೇ ಅಂಗಡಿಗೆ ಬಂದಳು. ಬಾಗಿಲಲ್ಲಿ ನಿಂತು ಮೊಳೆಯ ಕಡೆ ನೋಡಿದಳು.

"ಅಣ್ಣಾ, ಅದನ್ನ ಎತ್ತಿಟ್ಬುಡಣ್ಣ. ಅದು ಅಲ್ಲಿರೋಗಂಟ ಅವ್ರು ನಿನ್ನತ್ರ ಬರಕಿಲ್ಲ. ನೀನು ಮಾಡ್ಕೊಟ್ರೆ ನನ್ನ ಕಾಲು ನಂಗೆ ಸಿಕ್ತದೆ. ನಮ್ಮವ್ವನ್ನ ನೋಡಿ ವರ್ಷಾಯ್ತು."

ಅವಳ ತಾಯಿ ಹನುಮಕ್ಕ ಅಂಚೆಟ್ಟಿಯ ಆಚೆ, ಕಾಡಿನ ಅಂಚಿನ ನಾಟ್ರಾಂಪಾಳ್ಯದಲ್ಲಿ ಒಬ್ಬಳೇ ಇದ್ದಳು.

"ಅವ್ನೇ ಬಂದು ಕೇಳ್ಲಿ, ಆಮೇಲೆ ನೋಡಣ" ಅಂದೆ. ವೈರು ಅಲ್ಲೇ ಇತ್ತು. ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿತ್ತು. ನಾನು ಎತ್ತಲಿಲ್ಲ.

ಎಂಬತ್ನಾಲ್ಕರ ಕಾರ್ತಿಕದಲ್ಲಿ ಹನುಮಕ್ಕನಿಗೆ ಉಸಿರು ಮಾತ್ರ ಉಳಿದಿದೆ ಅಂತ ಸುದ್ದಿ ಬಂತು. ಅದೇ ದಿನ ವೆಂಕಟರಮಣಪ್ಪ ಅನ್ನುವವರ ಮನೆಯವರು ಕೃಷ್ಣಗಿರಿಗೆ ಹೆಣ್ಣು ನೋಡಲು ಕಾರು ಹೇಳಿದ್ದರು. ನರಸಮ್ಮ ಗಂಡನ ಕಾಲು ಹಿಡಿದಳಂತೆ, ಇದ್ದ ಒಂದನ್ನೇ.

"ನಿಮ್ಮವ್ವ ನಾಳೀಕೂ ಇರ್ತಾಳೆ. ಬಾಡಿಗೆ ನಾಳೀಕೆ ಇರಕಿಲ್ಲ. ಹತ್ತು" ಅಂದ.

ಹತ್ತಿದಳು. ಶೂಲಗಿರಿಯಲ್ಲಿ ಕಾಫಿಗೆ ನಿಲ್ಲಿಸಿದರು. ಎಲ್ಲರೂ ಇಳಿದರು, ಅವಳೂ ಇಳಿದಳು. ಕಾಫಿ ಕುಡಿದು ಎಲ್ಲರೂ ಹತ್ತಿದರು, ಅವಳು ಹತ್ತಲಿಲ್ಲ. ರಸ್ತೆಯ ಆ ಬದಿಯಲ್ಲಿ ಹೊಸೂರಿನ ಕಡೆಗೆ ಹೊರಟ ಬಸ್ಸು ನಿಂತಿತ್ತು. ನೆಟ್ಟಗೆ ಹೋಗಿ ಅದರೊಳಗೆ ಕೂತಳು. ಮುನಿಯಲ್ಲಪ್ಪ ಹಾರನ್ ಹೊಡೆದ. ಬಸ್ಸು ಕಣ್ಮರೆಯಾದ ಮೇಲೂ ಹೊಡೆಯುತ್ತಲೇ ಇದ್ದ. ರೇಷ್ಮೆ ಸೀರೆ ಉಟ್ಟ ವೆಂಕಟರಮಣಪ್ಪನ ಹೆಂಡತಿ ಹಿಂದಿನ ಸೀಟಿನಲ್ಲಿ ಕಿಸಕ್ಕನೆ ನಕ್ಕಳಂತೆ. ಅವರು ಬೇರೆ ಬಸ್ಸು ಹಿಡಿದು ಹೋದರು. ಹೋಗುವ ಮುಂಚೆ, ಹೊಸೂರಿಗೆ ಬರುತ್ತಿದ್ದ ಲಾರಿಯವನ ಕೈಲಿ ನನಗೆ ಹೇಳಿಕಳಿಸಿದ್ದರು.

ನಾನು ಜೀಪು, ಹಗ್ಗ ತೆಗೆದುಕೊಂಡು ಹೋದೆ. ಬಿಸಿಲು ನೆತ್ತಿಗೆ ಏರಿತ್ತು. ಅವನು ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದ. ಸುತ್ತ ಹತ್ತು ಹನ್ನೆರಡು ಜನ ನೋಡುತ್ತಾ ನಿಂತಿದ್ದರು.

"ಏನಪ್ಪಾ ಮುನಿಯಲ್ಲಪ್ಪ, ಮತ್ತೆ ವೈರು ಕಿತ್ತೋಯ್ತಾ?" ಅಂದೆ.

ಜನ ನಕ್ಕರು. ಹಗ್ಗ ಕಟ್ಟಿ ಎಳೆದುಕೊಂಡು ಬಂದೆ. ನನ್ನ ಅಂಗಡಿ ಮುಟ್ಟಿದ ಮೇಲೆ, ಕಾರಿನೊಳಗಿಂದಲೇ ಹೇಳಿದ. "ಮಾಡಾಕಣ್ಣ. ಎಷ್ಟಾದ್ರೂ ಆಗ್ಲಿ."

ಗೆದ್ದೆ ಅಂತ ನನಗೆ ಅನಿಸಿತು. ಅದರ ಜೊತೆಗೆ, ಹೆಂಗಸಿಗೊಂದು ಬಿಡುಗಡೆ ಸಿಗುತ್ತದೆ ಅಂತಲೂ ಅನಿಸಿತು. ಎರಡೂ ನಿಜ. ಗುಜರಿಗೆ ಹೋಗಿದ್ದ ಲಾರಿಯಿಂದ ಹ್ಯಾಂಡ್‌ಬ್ರೇಕಿನ ಹಿಡಿ ಬಿಚ್ಚಿ ತಂದೆ. ವೈರಿನ ಬದಲು ದಪ್ಪ ಕಬ್ಬಿಣದ ಸಲಾಕಿ ಕೊಟ್ಟೆ. ಹಿಡಿ ಎಳೆದರೆ ಕ್ಲಚ್ಚು ಒತ್ತಿಕೊಂಡು ಅಲ್ಲೇ ಕಚ್ಚಿಗೆ ಸಿಕ್ಕಿ ನಿಲ್ಲುತ್ತದೆ. ಆಗ ಅದೇ ಕೈಯಲ್ಲಿ ಗೇರು ಹಾಕಿ, ಹಿಡಿಯನ್ನು ಮೆಲ್ಲಗೆ ಬಿಟ್ಟರಾಯಿತು. ಒಂದೇ ಹಗಲಿನ ಕೆಲಸ. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಅಷ್ಟು ಚೆಂದದ ಕೆಲಸ ಇನ್ನೊಂದು ಮಾಡಿಲ್ಲ. ಮುನಿಯಲ್ಲಪ್ಪ ಅಂಗಡಿಯ ಹಿಂದಿನ ಬಯಲಿನಲ್ಲಿ ಆರು ಸುತ್ತು ಒಬ್ಬನೇ ಓಡಿಸಿದ. ಇಳಿದಾಗ ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಸಂತೋಷವಾಯಿತು.

ನರಸಮ್ಮನಿಗೆ ಅಂಚೆಟ್ಟಿಯಲ್ಲಿ ಸಂಜೆಯ ಬಸ್ಸು ತಪ್ಪಿತ್ತು. ಆ ದಾರಿಯಲ್ಲಿ ಆನೆ ಇದೆ ಅಂತ ಯಾರೂ ನಡೆದುಹೋಗಲು ಬಿಡಲಿಲ್ಲ. ಮರುದಿನ ಅವಳು ನಾಟ್ರಾಂಪಾಳ್ಯ ಸೇರುವ ಹೊತ್ತಿಗೆ ಹನುಮಕ್ಕನನ್ನು ಮಣ್ಣು ಮಾಡಿ ಜನ ಕೈಕಾಲು ತೊಳೆಯುತ್ತಿದ್ದರಂತೆ. ದಾಯಾದಿಗಳು ಮನೆಗೆ ಬೀಗ ಹಾಕಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಅಲ್ಲಿ ಇನ್ನೇನೂ ಉಳಿಯದೆ, ಅವಳು ಅವಲಪಲ್ಲಿಗೆ ವಾಪಸು ಬಂದಳು.

ಆ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಸಲಾಕಿಗೆ ಎಣ್ಣೆ ಹಾಕಿ ನೋಡುತ್ತೇನೆ ಅಂತ ನಾನೇ ಹೋಗಿದ್ದೆ. ಅವಳು ಬಂದವಳೇ ಒಳಗೆ ಹೋಗಲಿಲ್ಲ. ತಪ್ಪು ಒಪ್ಪಿಕೊಳ್ಳಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ರೀತಿ ಅಂತ ಕಾಣುತ್ತದೆ, ಸೀದಾ ಕಾರಿನ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕೂತು, ಬಲಗಾಲನ್ನು ಪೆಡಲಿನ ಮೇಲಿಟ್ಟಳು. ಕಾಲಿಗೆ ಕಬ್ಬಿಣ ತಗುಲಿತು. ಬಗ್ಗಿ ನೋಡಿದಳು.

ಮುನಿಯಲ್ಲಪ್ಪ ಅವಸರ ಮಾಡಲಿಲ್ಲ. ಊರುಗೋಲು ಒಳಗಿಟ್ಟು, ಡ್ರೈವರ್ ಸೀಟಿಗೆ ಹತ್ತಿ ಕೂತ.

"ಕಾಲ್ ತಗಿ" ಅಂದ.

ತೆಗೆದಳು. ಹಿಡಿ ಎಳೆದ, ಗೇರು ಹಾಕಿದ, ಮೆಲ್ಲಗೆ ಬಿಟ್ಟ. ಕಾರು ಹತ್ತು ಅಡಿ ಮುಂದೆ ಹೋಯಿತು. ಮತ್ತೆ ಎಳೆದ, ಬಿಟ್ಟ, ಹತ್ತು ಅಡಿ ಹಿಂದಕ್ಕೆ ತಂದ. ಒಂದು ಸಲವೂ ಕುಲುಕಲಿಲ್ಲ.

"ನೋಡ್ದಾ?"

ಅವಳು ತಲೆಯಾಡಿಸಿದಳು. "ಒಳ್ಳೇದಾಯ್ತು" ಅಂದಳು. ಮುಖದಲ್ಲಿ ಸ್ವಲ್ಪ ನಗುವೂ ಬಂದಿತ್ತು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ, ಬೇಡವೆಂದರೂ.

"ನೋಡಿದ್ ಮ್ಯಾಲೆ ಇಳಿ. ಶೂಲಗಿರೀಲಿ ನನ್ನ ಮಾನ ತಗುದ್ಬುಟ್ಟು ಹೋದಲ್ಲ, ಅವತ್ತು ನಿಂಗೆ ಕಾಲಿತ್ತು, ನಂಗಿರ್ಲಿಲ್ಲ. ಈಗ ನಂಗೈತೆ. ನಿನ್ನಿಂದ ನಂಗೇನ್ ಆಗ್ಬೇಕು? ಬಸ್ ಹತ್ತೋದು ಗೊತ್ತಲ್ಲ, ಹೋಗು."

ಅವಳು ನಂಬಲಿಲ್ಲ. ಅವನು ಇಳಿದು, ಮನೆಯೊಳಗಿನಿಂದ ಅವಳ ಟ್ರಂಕು ಎಳೆದು ತಂದು ಬೀದಿಗಿಟ್ಟ. ಕುಂಟನಿಗೆ ಅದು ಕಷ್ಟದ ಕೆಲಸ, ಮೂರು ಸಲ ನಿಂತು ಉಸಿರು ತೆಗೆದುಕೊಂಡ. ಆದರೂ ಮಾಡಿದ. ಅದನ್ನು ಕಂಡ ಮೇಲೆ ಅವಳು ಕಾರಿನಿಂದ ಇಳಿದಳು. ಆಮೇಲೆ ಮನೆ ಬಾಗಿಲು ಹಾಕಿ, ಬೀಗ ಜಡಿದು, ನನ್ನ ಕಡೆ ತಿರುಗಿ ಕೈ ಮುಗಿದ.

"ನಿನ್ನ ಕೆಲ್ಸ ಅಂದ್ರೆ ಕೆಲ್ಸ ಕಣಣ್ಣ. ನಾನು ಆಗ್ಲೇ ಬರ್ಬೇಕಿತ್ತು" ಅಂದು, ಕಾರು ತೆಗೆದುಕೊಂಡು ಹೊರಟುಹೋದ. ಡೆಂಕಣಿಕೋಟೆಗೆ ಯಾರೋ ಕಾಯುತ್ತಿದ್ದರಂತೆ.

ನಾನು ಎಣ್ಣೆಯ ಡಬ್ಬ ಹಿಡಿದು ನಿಂತಿದ್ದೆ. ಕಾಲಿನ ಕೆಲಸ ಇದ್ದಷ್ಟು ದಿನ ಅವಳಿಗೆ ಒಂದು ಮನೆಯಿತ್ತು ಅನ್ನುವುದು ಆ ಕ್ಷಣದಲ್ಲಿ ನನ್ನ ಮಂಡೆಗೆ ಹೊಳೆಯಿತು. ಹೊಡೆಯುತ್ತಿದ್ದ, ಬೈಯುತ್ತಿದ್ದ, ಆದರೆ ಹೊರಗೆ ಹಾಕುವ ಹಾಗಿರಲಿಲ್ಲ. ಹಾಕುವ ಹಾಗೆ ಮಾಡಿಕೊಟ್ಟವನು ನಾನು, ಅದೂ ಕೂಲಿ ತೆಗೆದುಕೊಂಡು.

ನರಸಮ್ಮ ಅಳಲಿಲ್ಲ. ನನ್ನ ಹತ್ತಿರ ಬಂದು, ಅಂಗಡಿಯವನನ್ನು ಕೇಳುವ ಹಾಗೇ ಕೇಳಿದಳು.

"ಅಣ್ಣಾ, ಅದನ್ನ ತಗ್ದಾಕಕ್ಕಾಯ್ತದಾ? ಸಂಜೀಕೆ ಅವ್ರು ಬತ್ತಾರೆ. ಎಣ್ಣೆ ಹಾಕ್ತೀನಿ ಅಂತ ಯೋಳಿ ತಗ್ದಾಕ್ಬುಡು. ನನ್ನ ಕಾಲು ಇನ್ನೂ ಚೆನ್ನಾಗೈತೆ."

"ಇಲ್ಲ ತಾಯಿ, ವೆಲ್ಡಿಂಗ್ ಮಾಡ್ಬುಟ್ಟಿದ್ದೀನಿ. ಬರಕಿಲ್ಲ" ಅಂದೆ.

ಅವಳು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಹೇಳಿದ್ದು ಸುಳ್ಳು. ನಾಲ್ಕು ಬೋಲ್ಟು ಬಿಚ್ಚಿದ್ದರೆ ಸಾಕಿತ್ತು, ಅರ್ಧ ಗಂಟೆಯ ಕೆಲಸ. ಅಷ್ಟು ಚೆಂದಾಗಿ ಮಾಡಿದ್ದನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ.